ಡಯಾಫ್ರಮ್ ಪಂಪನ್ನು ಬಿಚ್ಚುವ ಮುನ್ನ

ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಕಾರ್ಖಾನೆಗಳ ಹಿಂಭಾಗಕ್ಕೆ, ಅಂದರೆ ಕೊಳೆನೀರನ್ನು ಸಂಸ್ಕರಿಸುವ ಇಟಿಪಿ ಇರುವ ಜಾಗಕ್ಕೆ ಹೋದರೆ, ಮೊದಲು ಕಿವಿಗೆ ಬೀಳುವುದು ಗಾಳಿಯಿಂದ ಓಡುವ ಡಬಲ್ ಡಯಾಫ್ರಮ್ ಪಂಪಿನ ಸದ್ದು. ತೊಟ್ಟಿಯ ತಳದಲ್ಲಿ ಕೂತ ಕ್ರೋಮಿಯಂ, ನಿಕಲ್, ಸತುವಿನ ಹೈಡ್ರಾಕ್ಸೈಡ್ ಕೆಸರನ್ನು ಹೀರಿ, ಬಟ್ಟೆ ಹೊದಿಸಿದ ಪ್ಲೇಟುಗಳ ನಡುವೆ ಅದರ ನೀರನ್ನು ಬಸಿಯುವ ಫಿಲ್ಟರ್ ಪ್ರೆಸ್ಸಿಗೆ ತಳ್ಳುವುದು ಅದರ ಕೆಲಸ. ಇಂಥ ಪಂಪುಗಳ ನಿರ್ವಹಣೆ ನನ್ನ ವೃತ್ತಿಯ ಬಹುಪಾಲನ್ನು ತೆಗೆದುಕೊಂಡಿದೆ. ಪಂಪ್ ನಿಂತರೆ ಪ್ರೆಸ್ ನಿಲ್ಲುತ್ತದೆ, ಪ್ರೆಸ್ ನಿಂತರೆ ತೊಟ್ಟಿ ತುಂಬುತ್ತದೆ, ತೊಟ್ಟಿ ತುಂಬಿದರೆ ಪ್ಲೇಟಿಂಗ್ ಲೈನನ್ನೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಪಂಪ್ ಕೆಟ್ಟಿತೆಂದರೆ ಎಲ್ಲರಿಗೂ ಅವಸರ. ಆ ಅವಸರದಲ್ಲಿ ಸ್ಪ್ಯಾನರ್ ಹಿಡಿದವರು ಮೊದಲು ಬಿಚ್ಚುವುದು ಡಯಾಫ್ರಮನ್ನೇ, ಅಂದರೆ ಒಳಗೆ ಹಿಂದೆ ಮುಂದೆ ಬಾಗುತ್ತ ದ್ರವವನ್ನು ತಳ್ಳುವ ರಬ್ಬರಿನಂಥ ತಟ್ಟೆಯನ್ನೇ. ಹೊಸದನ್ನು ಹಾಕುತ್ತಾರೆ, ಪಂಪ್ ಓಡುತ್ತದೆ, ಕೆಲವು ವಾರಗಳಲ್ಲಿ ಹೊಸ ಡಯಾಫ್ರಮ್ ಕೂಡ ಹಳೆಯದು ಹರಿದ ಜಾಗದಲ್ಲಿಯೇ ಹರಿಯುತ್ತದೆ, ಏಕೆಂದರೆ ಹರಿಯಲು ಕಾರಣವಾದದ್ದು ಗಾಳಿಯ ಲೈನಿನಲ್ಲೋ ದ್ರವ ಹೀರುವ ಸಕ್ಷನ್ ಪೈಪಿನಲ್ಲೋ ಹಾಗೆಯೇ ಉಳಿದಿರುತ್ತದೆ. ಈ ಪಂಪಿನ ದೋಷವನ್ನು ಬಹುಮಟ್ಟಿಗೆ ಹೊರಗಿನಿಂದಲೇ, ಒಂದು ವಾಲ್ವ್ ಮುಚ್ಚಿ ಕಿವಿಗೊಟ್ಟು, ಪತ್ತೆ ಹಚ್ಚಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1955ರಲ್ಲಿ ಕ್ಯಾಲಿಫೋರ್ನಿಯಾದ ಜಿಮ್ ವಿಲ್ಡನ್ ರೂಪಿಸಿದ ಈ ಬಗೆಯ ಪಂಪಿನಲ್ಲಿ ಮೋಟರಿಲ್ಲ, ತಿರುಗುವ ಭಾಗವಿಲ್ಲ, ಗ್ಲ್ಯಾಂಡ್ ಪ್ಯಾಕಿಂಗ್ ಅಥವಾ ಮೆಕ್ಯಾನಿಕಲ್ ಸೀಲ್ ಇಲ್ಲ. ನಡುವೆ ಗಾಳಿಯ ಬ್ಲಾಕ್, ಅದರ ಎಡಬಲಕ್ಕೆ ಒಂದೊಂದು ಚೇಂಬರ್, ಒಂದೇ ಶಾಫ್ಟಿನ ಎರಡು ತುದಿಗೆ ಬಿಗಿದ ಎರಡು ಡಯಾಫ್ರಮ್. ಏರ್ ವಾಲ್ವಿನೊಳಗೆ ಜಾರುವ ಸ್ಪೂಲ್ ಎಂಬ ಭಾಗ ಅತ್ತಿತ್ತ ಸರಿಯುತ್ತ ಗಾಳಿಯನ್ನು ಒಮ್ಮೆ ಎಡ ಡಯಾಫ್ರಮಿನ ಬೆನ್ನಿಗೆ, ಮತ್ತೊಮ್ಮೆ ಬಲದ್ದರ ಬೆನ್ನಿಗೆ ಬಿಡುತ್ತದೆ. ಗಾಳಿ ತಳ್ಳಿದ ಡಯಾಫ್ರಮ್ ತನ್ನ ಮುಂದಿರುವ ದ್ರವವನ್ನು ಮೇಲಿನ ಬಾಲ್ (ಸೀಟಿನ ಮೇಲೆ ಕೂತು ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ಗುಂಡು) ದಾಟಿಸಿ ಡೆಲಿವರಿಗೆ, ಅಂದರೆ ಹೊರಹೋಗುವ ಪೈಪಿಗೆ ಒತ್ತುವಾಗ, ಶಾಫ್ಟ್ ಇನ್ನೊಂದು ಡಯಾಫ್ರಮನ್ನು ಒಳಕ್ಕೆ ಎಳೆಯುತ್ತದೆ. ಆ ಬದಿಯ ಕೆಳಗಿನ ಬಾಲ್ ಎದ್ದು ತೊಟ್ಟಿಯಿಂದ ದ್ರವ ಒಳಬರುತ್ತದೆ. ನಾಲ್ಕು ಬಾಲ್, ನಾಲ್ಕು ಸೀಟ್, ಎರಡು ಡಯಾಫ್ರಮ್, ಒಂದು ಏರ್ ವಾಲ್ವ್: ಪಂಪಿನೊಳಗೆ ದೋಷ ಹುಡುಕಬೇಕಾದ ಜಾಗ ಇಷ್ಟೇ.

ಸಾಮಾನ್ಯ ಮಾದರಿಯ ಪಂಪಿನಲ್ಲಿ ಡೆಲಿವರಿಯ ಒತ್ತಡ ಎಂದೂ ಗಾಳಿಯ ಒತ್ತಡವನ್ನು ಮೀರಲಾರದು. 5 ಬಾರ್ (ಬಾರ್ ಎಂದರೆ ಒತ್ತಡದ ಮಾನ) ಗಾಳಿ ಕೊಟ್ಟರೆ ದ್ರವಕ್ಕೆ ಸಿಗುವುದು ಹೆಚ್ಚೆಂದರೆ 5 ಬಾರ್. ಡೆಲಿವರಿಯನ್ನು ಪೂರ್ತಿ ಮುಚ್ಚಿದರೆ ಡಯಾಫ್ರಮಿನ ಎರಡೂ ಮೈಗೆ ಒತ್ತಡ ಸಮವಾಗಿ ಪಂಪ್ ತಾನಾಗಿ ನಿಲ್ಲುತ್ತದೆ, ತೆರೆದೊಡನೆ ಮತ್ತೆ ಓಡುತ್ತದೆ, ಯಾವ ಹಾನಿಯೂ ಆಗುವುದಿಲ್ಲ. ಫಿಲ್ಟರ್ ಪ್ರೆಸ್ಸಿನ ಕೆಲಸಕ್ಕೆ ಇದು ಇಷ್ಟು ಚೆನ್ನಾಗಿ ಒಗ್ಗಿರುವುದು ಇದೇ ಕಾರಣಕ್ಕೆ: ಪ್ಲೇಟುಗಳ ನಡುವೆ ಕೇಕ್, ಅಂದರೆ ನೀರು ಬಸಿದ ಗಟ್ಟಿ ಕೆಸರು, ಕಟ್ಟಿಕೊಳ್ಳುತ್ತ ಹೋದಂತೆ ಪಂಪ್ ಯಾರೂ ಹೇಳದೆಯೇ ನಿಧಾನವಾಗುತ್ತ ಬಂದು, ಕೊನೆಗೆ ಬಹಳ ಹೊತ್ತಿಗೊಂದು ಸ್ಟ್ರೋಕ್ ಹೊಡೆಯುತ್ತದೆ. ಹೆಚ್ಚಿನ ಒತ್ತಡದಲ್ಲಿ ಹೀಗೆ ತಡೆದು ನಿಂತಾಗಲೇ ಡಯಾಫ್ರಮಿಗೆ ಅತಿ ಹೆಚ್ಚು ಶ್ರಮವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಆಗ ಹಿಂದೆ ಗಾಳಿ, ಮುಂದೆ ದ್ರವ, ಎರಡೂ ಸಮಬಲದಲ್ಲಿ ಒತ್ತುತ್ತಿರುವುದರಿಂದ ಅದು ನಿರಾಳವಾಗಿಯೇ ಇರುತ್ತದೆ. ಅದಕ್ಕೆ ನಿಜವಾದ ಪೆಟ್ಟು ಬೀಳುವುದು ಚೇಂಬರ್ ಖಾಲಿಯಿರುವಾಗ ಯಾರಾದರೂ ಗಾಳಿಯ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆದಾಗ. ಬೆನ್ನಿಗೆ 6 ಬಾರ್, ಎದುರಿಗೆ ಏನೂ ಇಲ್ಲ. ಒಣಗಿ ಓಡಿದರೂ ಪಂಪಿಗೆ ತೊಂದರೆಯಿಲ್ಲ ಎಂಬ ಮಾತು ನಿಜವೇ, ಆದರೆ ಅದು ಕಡಿಮೆ ಒತ್ತಡದಲ್ಲಿ ನಿಧಾನವಾಗಿ ಓಡುವ ಪಂಪಿಗೆ ಮಾತ್ರ ಸಲ್ಲುವ ಮಾತು.

ಇನ್ನು ದೋಷ ಹುಡುಕುವ ಕ್ರಮಕ್ಕೆ ಬರುತ್ತೇನೆ. ಅತಿ ಸಾಮಾನ್ಯ ದೂರು, ಆಪರೇಟರ್ ಬಂದು ಹೇಳುವ ಮಾತಿನಲ್ಲಿಯೇ ಹೇಳುವುದಾದರೆ, "ಸರ್, ಪಂಪೇನೋ ಹೊಡೀತಾ ಇದೆ, ಮಾಲು ಬರ್ತಾ ಇಲ್ಲ" ಎಂಬುದು. ಆಗ ನಾನು ಮಾಡುವ ಮೊದಲ ಕೆಲಸ ಗಾಳಿಯನ್ನು 2 ಬಾರ್ ಒತ್ತಡಕ್ಕೆ ಇಳಿಸಿ ಡೆಲಿವರಿ ವಾಲ್ವನ್ನು ಮುಚ್ಚುವುದು. ಚೇಂಬರಿನಲ್ಲಿ ದ್ರವವಿದ್ದು ಪಂಪ್ ಆರೋಗ್ಯವಾಗಿದ್ದರೆ ಒಂದೆರಡು ಸ್ಟ್ರೋಕಿನಲ್ಲಿ ನಿಂತುಬಿಡಬೇಕು, ನಿಂತ ಮೇಲೆ ಗಾಳಿ ಹೊರಬೀಳುವ ದ್ವಾರಕ್ಕೆ ಹಾಕಿದ ಸೈಲೆನ್ಸರಿನಿಂದ ಸದ್ದು ಬರಬಾರದು. ವಾಲ್ವ್ ಮುಚ್ಚಿದ ಮೇಲೂ ಪಂಪ್ ನಿಧಾನವಾಗಿ ಸ್ಟ್ರೋಕ್ ಹೊಡೆಯುತ್ತಲೇ ಇದ್ದರೆ, ದ್ರವ ಒಳಗೊಳಗೇ ಬಾಲ್‌ಗಳನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ ಎಂದರ್ಥ: ಬಾಲ್ ಸವೆದಿದೆ, ಸೀಟಿನಲ್ಲಿ ಗೀರು ಬಿದ್ದಿದೆ, ಸೀಟಿನ ಓ-ರಿಂಗ್ ಹೋಗಿದೆ, ಇಲ್ಲವೇ ಬಾಲಿನ ಕೆಳಗೆ ಏನೋ ಸಿಕ್ಕಿಕೊಂಡಿದೆ. ಪ್ಲೇಟಿಂಗ್ ಘಟಕಗಳಲ್ಲಿ ಹೀಗೆ ಸಿಕ್ಕಿಕೊಂಡಿರುವುದು ಹೆಚ್ಚಾಗಿ ಮಾಸ್ಕಿಂಗ್ ಟೇಪಿನ ತುಂಡು, ಒರೆಸುವ ಬಟ್ಟೆಯ ಎಳೆ, ಅಥವಾ ಸುಣ್ಣದ ಗಟ್ಟಿ ಚೂರು. ಇದಕ್ಕೆ ವ್ಯತಿರಿಕ್ತವಾಗಿ, ಸ್ಟ್ರೋಕ್ ನಿಂತು ಸೈಲೆನ್ಸರಿನಿಂದ ಮಾತ್ರ ಒಂದೇ ಸಮನೆ ಸುಯ್ ಎಂದು ಗಾಳಿ ಸೋರುತ್ತಿದ್ದರೆ, ದ್ರವದ ಬದಿಯಲ್ಲಿ ತಪ್ಪಿಲ್ಲ. ಸ್ಪೂಲಿನ ಅಥವಾ ಶಾಫ್ಟಿನ ಸೀಲುಗಳು ಸವೆದಿವೆ. ಪಂಪ್ ನಿಂತು ಸದ್ದೂ ಅಡಗಿದರೆ ಪಂಪಿನ ತಪ್ಪೇ ಇಲ್ಲ, ಸಕ್ಷನ್ ಲೈನನ್ನು ನೋಡಬೇಕು. ಒಂದು ವಾಲ್ವಿನ ಹಿಡಿಯನ್ನು ತಿರುಗಿಸಿದ್ದರಿಂದ ದೊರೆಯುವ ಈ ತಿಳಿವಳಿಕೆ ಪಂಪನ್ನು ಬಿಚ್ಚಿ ಹರಡಿಕೊಂಡರೂ ಅಷ್ಟು ಸ್ಪಷ್ಟವಾಗಿ ದೊರೆಯುವುದಿಲ್ಲ.

ಓಡುತ್ತಿರುವ ಪಂಪಿನ ಲಯವೂ ಬಹಳಷ್ಟನ್ನು ಹೇಳುತ್ತದೆ. ಎಡ ಮತ್ತು ಬಲದ ಸ್ಟ್ರೋಕುಗಳಿಗೆ ಒಂದೇ ಸಮಯ ಹಿಡಿಯಬೇಕು. ಒಂದು ನಿಧಾನ, ಒಂದು ಚುರುಕು, ಮತ್ತೆ ಒಂದು ನಿಧಾನ, ಒಂದು ಚುರುಕು ಎಂದು ಕುಂಟುತ್ತಿದ್ದರೆ ಯಾವುದೋ ಒಂದು ಬದಿಯ ಬಾಲ್ ಸರಿಯಾಗಿ ಕೂರುತ್ತಿಲ್ಲ. ಲೆಕ್ಕ ಇಡುವ ಅಭ್ಯಾಸವಿದ್ದರೆ ಇನ್ನೂ ಮೊದಲೇ ಗೊತ್ತಾಗುತ್ತದೆ. ಪಂಪ್ ಹೊಸದಿದ್ದಾಗ ನಿರ್ದಿಷ್ಟ ಒತ್ತಡದಲ್ಲಿ ಶುದ್ಧ ನೀರನ್ನು ಅಳತೆಯ ಡ್ರಮ್ಮಿಗೆ ಹರಿಸಿ, 100 ಲೀಟರಿಗೆ ಎಷ್ಟು ಸ್ಟ್ರೋಕ್ ಬೇಕಾಯಿತೆಂದು ಬರೆದಿಟ್ಟುಕೊಳ್ಳಬೇಕು. ಚೇಂಬರಿನ ಗಾತ್ರ ಬದಲಾಗುವುದಿಲ್ಲವಾದ್ದರಿಂದ ಮುಂದೊಂದು ದಿನ ಅದೇ 100 ಲೀಟರಿಗೆ ಐದನೇ ಒಂದು ಭಾಗದಷ್ಟು ಹೆಚ್ಚು ಸ್ಟ್ರೋಕ್ ಹಿಡಿಯಿತೆಂದರೆ ಅಷ್ಟು ದ್ರವ ಬಾಲುಗಳ ಸಂದಿನಲ್ಲಿ ಹಿಂದಿರುಗುತ್ತಿದೆ ಎಂದೇ ಲೆಕ್ಕ. ಮಾಲು ಬರುವುದು ನಿಲ್ಲುವವರೆಗೆ ಕಾಯದೆ, ಭಾನುವಾರದ ಬಿಡುವಿನಲ್ಲಿ ನಾಲ್ಕು ಬಾಲ್ ಬದಲಿಸಿ ಮುಗಿಸಬಹುದು. ಯಾವ ದುಬಾರಿ ಉಪಕರಣವೂ ಬೇಡದ ಈ ಒಂದು ಪರೀಕ್ಷೆಯನ್ನು ಎಲ್ಲ ಘಟಕಗಳೂ ರೂಢಿಗೆ ತಂದುಕೊಳ್ಳಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಸಕ್ಷನ್ ಬದಿಯ ದೋಷಗಳು ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ದ್ರವ ಹೊರಕ್ಕೆ ಸೋರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಡೆಲಿವರಿಯಲ್ಲಿ ಗುಳ್ಳೆಗಳು ಕಾಣಿಸಿದರೆ ಒಂದೋ ಡಯಾಫ್ರಮ್ ಹರಿದು ಪಂಪಿನ ಗಾಳಿ ದ್ರವಕ್ಕೆ ಸೇರುತ್ತಿದೆ, ಇಲ್ಲವೇ ಸಕ್ಷನ್ನಿನ ಯಾವುದೋ ಕೂಡುಭಾಗ ಹೊರಗಿನ ಗಾಳಿಯನ್ನು ಹೀರುತ್ತಿದೆ. ಕೂಡುಭಾಗಗಳ ಮೇಲೆ ಸೋಪಿನ ನೊರೆ ಹಚ್ಚಿದರೆ ನೊರೆ ಒಳಕ್ಕೆ ಎಳೆದುಕೊಂಡ ಜಾಗ ಗೊತ್ತಾಗುತ್ತದೆ. ಸಕ್ಷನ್ ಪೈಪ್ ಪಂಪಿನ ಬಾಯಿಗಿಂತ ಸಣ್ಣದಿರಬಾರದು, ಹೋಸ್ ಬಳಸುವುದಾದರೆ ಒಳಗೆ ತಂತಿ ಸುತ್ತಿದ, ನಿರ್ವಾತಕ್ಕೆ ಚಪ್ಪಟೆಯಾಗದ ಹೋಸನ್ನೇ ಬಳಸಬೇಕು. ಹಳೆಯ ಹೋಸಿನ ಒಳಪದರ ಕಿತ್ತುಬಂದು, ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತ, ಒಳಗೆ ಪದರ ಅಡ್ಡವಾಗಿ ನಿಂತಿರುವುದನ್ನೂ ಕಂಡಿದ್ದೇನೆ. ಬೆಂಗಳೂರಿನವರು ಇನ್ನೊಂದು ಸಂಗತಿಯನ್ನು ಗಮನದಲ್ಲಿಡಬೇಕು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಭಾರಕ್ಕೆ ಸಿದ್ಧಾಂತದ ಪ್ರಕಾರ ಎತ್ತಲು ಸಾಧ್ಯವಿರುವುದು ಸುಮಾರು 9.3 ಮೀಟರ್ ನೀರನ್ನು ಮಾತ್ರ, ಮಂಗಳೂರಿನಲ್ಲಾದರೆ 10.3 ಮೀಟರ್. ಕೈಪಿಡಿಯಲ್ಲಿ ಕೊಟ್ಟಿರುವ ಸಕ್ಷನ್ ಎತ್ತರ ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕ, ಅದೂ ಶುದ್ಧ ನೀರಿಗೆ. ದಪ್ಪ ಕೆಸರನ್ನು ಆಳದ ತೊಟ್ಟಿಯಿಂದ ಎತ್ತಬೇಕಾದರೆ ಪಂಪನ್ನು ತೊಟ್ಟಿಯ ಪಕ್ಕದಲ್ಲಿಯೇ, ಆದಷ್ಟು ಕೆಳಗೆ ಇಡಬೇಕು. ಹಾಗೆಂದು ಬಹಳ ಎತ್ತರದ ಟ್ಯಾಂಕಿನ ಬುಡದಲ್ಲಿ ಇಡುವುದೂ ತಪ್ಪು, ಸಕ್ಷನ್ನಿನಲ್ಲಿ 0.7 ಬಾರ್‌ಗಿಂತ, ಅಂದರೆ ಸುಮಾರು 7 ಮೀಟರ್ ನೀರಿಗಿಂತ ಹೆಚ್ಚಿನ ಒತ್ತಡ ಬಂದರೆ ಹಿಂದಿರುಗುವ ಡಯಾಫ್ರಮನ್ನು ದ್ರವವೇ ಗಾಳಿಯ ಬದಿಗೆ ಉಬ್ಬಿಸಿ ಬೇಗ ದಣಿಸುತ್ತದೆ.

ದಪ್ಪ ಮಾಲು ಬರುತ್ತಿಲ್ಲವೆಂದು ಗಾಳಿ ಹೆಚ್ಚಿಸುವುದು ತೀರಾ ಸಾಮಾನ್ಯವಾದ, ತೀರಾ ಹಾನಿಕರವಾದ ರೂಢಿ. ಕೆಸರು ಚೇಂಬರನ್ನು ತುಂಬಲು ಸಮಯ ಬೇಡುತ್ತದೆ. ಸ್ಟ್ರೋಕ್ ವೇಗವಾದಷ್ಟೂ ಚೇಂಬರ್ ಅರ್ಧವೇ ತುಂಬಿ, ಒಳಗೆ ಕ್ಯಾವಿಟೇಷನ್ (ಒತ್ತಡ ಕುಸಿದು ದ್ರವದಲ್ಲಿ ಆವಿಯ ಗುಳ್ಳೆ ಏಳುವುದು) ಉಂಟಾಗಿ, ಮಾಲು ಇನ್ನೂ ಕಡಿಮೆ ಬರುತ್ತದೆ. ಗಾಳಿಯ ಲೈನಿನ ಸೂಜಿ ವಾಲ್ವನ್ನು ಬಿಗಿ ಮಾಡಿ ನಿಧಾನಗೊಳಿಸಿದಾಗ ಮಾಲು ಹೆಚ್ಚಾಗುವುದನ್ನು ಆಪರೇಟರ್‌ಗಳಿಗೆ ಒಮ್ಮೆ ಕಣ್ಣಾರೆ ತೋರಿಸಿದರೆ ಸಾಕು, ಮುಂದೆ ಅವರೇ ಬೇರೆಯವರಿಗೆ ಹೇಳಿಕೊಡುತ್ತಾರೆ.

ಪಂಪ್ ಓಡುವುದೇ ಇಲ್ಲವೆಂದಾದರೆ ಗಾಳಿಯ ಕಡೆ ನೋಡಬೇಕು. ಗೇಜಿನಲ್ಲಿ 6 ಬಾರ್ ಕಾಣುತ್ತಿದ್ದರೂ ಪಂಪ್ ಶುರುವಾದೊಡನೆ ಅದು 3ಕ್ಕೆ ಕುಸಿದರೆ ಗಾಳಿಯ ಪೈಪ್ ಸಣ್ಣದಾಯಿತು ಅಥವಾ ಫಿಲ್ಟರ್ ಕಟ್ಟಿಕೊಂಡಿದೆ. ಒತ್ತಡವಿದ್ದೂ ಅಲುಗಾಡದಿದ್ದರೆ ಸೈಲೆನ್ಸರನ್ನು ಶಂಕಿಸುವುದು ಒಳ್ಳೆಯದು: ಕಂಪ್ರೆಸರಿನ ಎಣ್ಣೆ ಮತ್ತು ಧೂಳು ಸೇರಿ ಅದರ ರಂಧ್ರಗಳನ್ನು ಮುಚ್ಚಿದರೆ ಗಾಳಿ ಹೊರಹೋಗಲಾಗದೆ ಪಂಪ್ ಸಿಕ್ಕಿಕೊಳ್ಳುತ್ತದೆ. ಗಾಳಿ ಬಂದ್ ಮಾಡಿ, ಸೈಲೆನ್ಸರ್ ಬಿಚ್ಚಿ, ಮುಖವನ್ನು ದೂರವಿಟ್ಟು, ಕಿವಿಗೆ ರಕ್ಷಣೆ ಹಾಕಿಕೊಂಡು ಕಡಿಮೆ ಒತ್ತಡದಲ್ಲಿ ನೋಡಿದರೆ ತಿಳಿಯುತ್ತದೆ. ಮುಖ ದೂರವಿಡಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ಡಯಾಫ್ರಮ್ ಹರಿದಿದ್ದರೆ ಆ ದ್ವಾರದಿಂದ ಸಿಡಿಯುವುದು ಗಾಳಿಯಲ್ಲ, ಆಮ್ಲ ಅಥವಾ ಕ್ರೋಮ್ ನೀರು. ಅಪಾಯಕಾರಿ ದ್ರವ ಸಾಗಿಸುವ ಪಂಪುಗಳ ಎಕ್ಸಾಸ್ಟಿಗೆ ಪೈಪ್ ಜೋಡಿಸಿ ಅದನ್ನು ಸಂಪಿನ ಮೇಲೆ ಬಿಡುವುದೇ ಸುರಕ್ಷಿತ ವ್ಯವಸ್ಥೆ.

ಗಾಳಿಯಲ್ಲಿನ ನೀರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಳೆಗಾಲದಲ್ಲಿ ಬರುವ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ತೇವಾಂಶ ಶೇ 60 ಇದ್ದರೆ 18 ಗ್ರಾಂ ಇರುತ್ತದೆ. ಕಂಪ್ರೆಸರ್ 7 ಬಾರ್ ಒತ್ತಡಕ್ಕೆ ಒತ್ತುವಾಗ ಸುಮಾರು 8 ಘನ ಮೀಟರ್ ಗಾಳಿ 1 ಘನ ಮೀಟರಿಗೆ ಇಳಿಯುತ್ತದೆ. ಅದರಲ್ಲಿ ಒಟ್ಟು 144 ಗ್ರಾಂ ನೀರಿದ್ದು, ಮತ್ತೆ 30 ಡಿಗ್ರಿಗೆ ತಣಿದಾಗ ಆವಿಯಾಗಿ ಉಳಿಯುವುದು 30 ಗ್ರಾಂ ಮಾತ್ರ. ಮಿಕ್ಕ 110 ಗ್ರಾಮಿಗೂ ಹೆಚ್ಚು ನೀರು ಗಾಳಿ ಕೂಡಿಡುವ ಟ್ಯಾಂಕಾದ ರಿಸೀವರಿನಲ್ಲಿ ಮತ್ತು ಪೈಪಿನಲ್ಲಿ ಹನಿಗಟ್ಟುತ್ತದೆ. ಡ್ರೈಯರ್ ಇಲ್ಲದ, ರಿಸೀವರಿನ ಡ್ರೈನ್ ತೆರೆಯದ ಕಾರ್ಖಾನೆಗಳಲ್ಲಿ ಈ ನೀರೆಲ್ಲ ಏರ್ ವಾಲ್ವಿಗೆ ಬರುತ್ತದೆ. ಅಲ್ಲಿ ಗಾಳಿ ಒಮ್ಮೆಲೇ ಹಿಗ್ಗಿ ಹೊರಬೀಳುವಾಗ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದರಿಂದ ಆ ನೀರು ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಹವೆಯಲ್ಲಿ ಸೈಲೆನ್ಸರಿನ ಮೇಲೆ ಬೆಳ್ಳಗೆ ಮಂಜು ಕೂತು ಪಂಪ್ ಮೆಲ್ಲಮೆಲ್ಲನೆ ನಿಂತುಹೋಗುವುದನ್ನು ಮೊದಲ ಬಾರಿ ನೋಡಿದವರು ಬೆರಗಾಗುತ್ತಾರೆ. ಹತ್ತು ನಿಮಿಷ ಬಿಟ್ಟರೆ ಮಂಜು ಕರಗಿ ಪಂಪ್ ಮತ್ತೆ ಓಡುವುದರಿಂದ ದೋಷ ಎಲ್ಲಿದೆಯೆಂದು ತಿಳಿಯದೆ ಏರ್ ವಾಲ್ವ್ ಬದಲಿಸಿದವರೂ ಇದ್ದಾರೆ. ಪರಿಹಾರ ಇರುವುದು ಗಾಳಿಯನ್ನು ಒಣಗಿಸುವುದರಲ್ಲಿ, ಒತ್ತಡವನ್ನು ಅಗತ್ಯವಿರುವಷ್ಟಕ್ಕೇ ಇಳಿಸುವುದರಲ್ಲಿ, ಪಂಪಿನ ಪಕ್ಕದ ಫಿಲ್ಟರ್ ಬಟ್ಟಲಿನ ನೀರನ್ನು ಪ್ರತಿ ಪಾಳಿಯಲ್ಲೂ ಬಿಡುವುದರಲ್ಲಿ.

ಈಗಿನ ಬಹಳಷ್ಟು ಪಂಪುಗಳಿಗೆ ಗಾಳಿಯೊಡನೆ ಎಣ್ಣೆ ಬೇಕಿಲ್ಲ. ಎಣ್ಣೆ ಹಾಕಿದಷ್ಟೂ ಒಳ್ಳೆಯದೆಂದು ಗಾಳಿಗೆ ಎಣ್ಣೆ ಬೆರೆಸುವ ಲೂಬ್ರಿಕೇಟರನ್ನು ಪೂರ್ತಿ ತೆರೆದಿಟ್ಟರೆ ಎಣ್ಣೆ ಅಂಟಾಗಿ ಸ್ಪೂಲನ್ನು ಹಿಡಿದುಕೊಳ್ಳುತ್ತದೆ, ಕೆಲವು ರಬ್ಬರುಗಳನ್ನು ಊದಿಸುತ್ತದೆ. ಕೈಪಿಡಿ ಎಣ್ಣೆ ಬೇಡವೆಂದರೆ ಹಾಕಬಾರದು. ಇನ್ನು, ಸೀಲ್ ಸವೆದು ಸೋರುವ ಗಾಳಿಯನ್ನು ಹಗುರವಾಗಿ ಪರಿಗಣಿಸುವವರಿಗೆ ಒಂದು ಲೆಕ್ಕ: ಕಂಪ್ರೆಸರಿನ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 4 ಘನ ಅಡಿ ಗಾಳಿ ಸಿಗುತ್ತದೆ. 40 ಘನ ಅಡಿ ಬಳಸುವ ಪಂಪ್ ಎಂದರೆ ಕಂಪ್ರೆಸರ್ ಕೋಣೆಯಲ್ಲಿ ಸುಮಾರು 10 ಅಶ್ವಶಕ್ತಿಯ ವಿದ್ಯುತ್ ಉರಿಯುತ್ತಿದೆ.

ಡಯಾಫ್ರಮ್ ಹರಿದೇ ಹರಿದಿದೆ ಎಂದುಕೊಳ್ಳೋಣ. ತೆಗೆದ ಹಳೆಯದನ್ನು ಕಸಕ್ಕೆ ಎಸೆಯದೆ ತೊಳೆದು ಬೆಳಕಿಗೆ ಹಿಡಿದು ನೋಡುವುದು ಈ ಕೆಲಸದ ಅತಿ ಮುಖ್ಯವಾದ ಭಾಗ. ಮಡಿಚುವ ಜಾಗದಲ್ಲಿ, ಅಂದರೆ ನಡುವಿನ ಪಿಸ್ಟನ್ ತಟ್ಟೆಗೂ ಹೊರ ಅಂಚಿಗೂ ನಡುವೆ, ವೃತ್ತಾಕಾರವಾಗಿ ಸಣ್ಣ ಬಿರುಕುಗಳು ಸಮನಾಗಿ ಹಬ್ಬಿದ್ದರೆ ಅದು ತನ್ನ ಆಯುಸ್ಸು ಮುಗಿಸಿದೆ. ಯಾರ ತಪ್ಪೂ ಇಲ್ಲ. ರಬ್ಬರ್ ಹಳೆಯ ಸೈಕಲ್ ಟ್ಯೂಬಿನಂತೆ ಗಡುಸಾಗಿ, ಬಗ್ಗಿಸಿದರೆ ಬಿರಿಯುವಂತಿದ್ದರೆ ರಾಸಾಯನಿಕದ್ದೋ ಶಾಖದ್ದೋ ಪೆಟ್ಟು. ಊದಿ, ಮೆತ್ತಗಾಗಿ, ಅಂಟಂಟಾಗಿದ್ದರೆ ಆ ದ್ರವಕ್ಕೆ ಆ ರಬ್ಬರ್ ಹೊಂದುವುದಿಲ್ಲ. ಗಾಳಿಯ ಬದಿಗೆ ಜಗ್ಗಿ ತನ್ನ ಆಕಾರ ಕಳೆದುಕೊಂಡಿದ್ದರೆ ಸಕ್ಷನ್ನಿನ ಒತ್ತಡ ಹೆಚ್ಚಾಯಿತು. ದ್ರವದ ಮೈಯಲ್ಲಿ ಒಂದೇ ಕಡೆ ಚುಚ್ಚಿದ ಗುರುತು ಇದ್ದು ಉಳಿದೆಡೆ ಹೊಸದರಂತಿದ್ದರೆ ಚೇಂಬರಿನೊಳಗೆ ಗಟ್ಟಿ ವಸ್ತುವೊಂದು ಬಂದಿದೆ, ಅದನ್ನು ಹುಡುಕಿ ತೆಗೆಯದೆ ಹೊಸದನ್ನು ಹಾಕಬಾರದು. ಡಯಾಫ್ರಮ್ ಪೂರ್ತಿ ಸರಿಯಿದ್ದೂ ಗಾಳಿಯ ಬದಿಗೆ ದ್ರವ ಬಂದಿದ್ದರೆ ಹೊರಗಿನ ಪಿಸ್ಟನ್ ತಟ್ಟೆ ಸಡಿಲವಾಗಿ, ನಡುವಿನ ರಂಧ್ರದಿಂದ ಸೋರಿದೆ.

ವಸ್ತುವಿನ ಆಯ್ಕೆಯ ಬಗ್ಗೆ ಎರಡು ಮಾತು ಸಾಕು. ತಟಸ್ಥಗೊಳಿಸಿದ ಕೆಸರಿಗೆ ಸ್ಯಾಂಟೋಪ್ರೀನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಚೆನ್ನಾಗಿ ಬಾಳುತ್ತದೆ. ಎಣ್ಣೆಯಿದ್ದರೆ ನೈಟ್ರೈಲ್ ರಬ್ಬರ್ ಬಳಸಬೇಕು, ಇಪಿಡಿಎಂ ರಬ್ಬರ್ ಕೂಡದು. ವೈಟಾನ್ ರಬ್ಬರ್ ದುಬಾರಿಯಾದರೂ ಅಸಿಟೋನ್, ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ತರಹದ ದ್ರಾವಕಗಳೆದುರು ನಿಲ್ಲದು. ಟೆಫ್ಲಾನ್ ಬಹುತೇಕ ಎಲ್ಲ ರಾಸಾಯನಿಕವನ್ನೂ ತಾಳುತ್ತದೆ, ಆದರೆ ಮಡಿಚುವ ಶ್ರಮವನ್ನು ರಬ್ಬರಿನಷ್ಟು ತಾಳದು. ಅದರ ಬೆನ್ನಿಗೆ ರಬ್ಬರಿನ ಬ್ಯಾಕಪ್ ಡಯಾಫ್ರಮ್ ಇರಲೇಬೇಕು. ಅಲ್ಯೂಮಿನಿಯಂ ಪಂಪಿಗೆ ಬಲವಾದ ಆಮ್ಲವೂ ಕ್ಷಾರವೂ ಶತ್ರು, ಮೆಥಿಲೀನ್ ಕ್ಲೋರೈಡಿನಂಥ ಕ್ಲೋರಿನ್‌ಯುಕ್ತ ದ್ರಾವಕವನ್ನಂತೂ ಅದರಲ್ಲಿ ಹರಿಸಲೇಬಾರದು, ಸ್ಫೋಟವಾಗಬಹುದು.

ಬಿಚ್ಚುವ ಮೊದಲು ಪಂಪಿಗೆ ನೀರು ಹರಿಸಿ ತೊಳೆಯಬೇಕು, ಗಾಳಿಯ ವಾಲ್ವ್ ಮುಚ್ಚಿ ಬೀಗ ಹಾಕಬೇಕು, ಪಂಪಿನೊಳಗೆ ಉಳಿದ ಗಾಳಿಯನ್ನು ಬಿಡಬೇಕು, ಡೆಲಿವರಿಯ ಒತ್ತಡವನ್ನು ಇಳಿಸಬೇಕು. ಹರಿದ ಡಯಾಫ್ರಮಿನ ಹಿಂದೆ ದ್ರವ ಒತ್ತಡದಲ್ಲಿ ನಿಂತಿರಬಹುದಾದ್ದರಿಂದ ಕೈಗವಸು ಮತ್ತು ಮುಖಕವಚವಿಲ್ಲದೆ ಕ್ಲ್ಯಾಂಪ್ ಸಡಿಲಿಸಲು ನಾನು ಯಾರಿಗೂ ಬಿಡುವುದಿಲ್ಲ. ಜೋಡಿಸುವಾಗ ಡಯಾಫ್ರಮಿನ ಮೇಲೆ ಗಾಳಿಯ ಬದಿ ಎಂದು ಅಚ್ಚಾಗಿದ್ದರೆ ಆ ಮೈ ಒಳಗಿನ ಬ್ಲಾಕಿನ ಕಡೆಗೇ ಇರಬೇಕು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಯ ಡಯಾಫ್ರಮ್ ಹೊರಕ್ಕೆ ಉಬ್ಬಿಕೊಂಡು ಕವರ್ ಕೂರಲು ಬಿಡುವುದಿಲ್ಲ. ಬಡಿದು ಕೂರಿಸುವ ಬದಲು ಶಾಫ್ಟನ್ನು ಮೊದಲ ಬದಿಗೆ ಪೂರ್ತಿ ಸರಿಸಿದರೆ ಎರಡನೆಯದರ ಅಂಚು ಸಪಾಟಾಗಿ ಕೂರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಪ್ಲಾಸ್ಟಿಕ್ ಪಂಪುಗಳಲ್ಲಿ ಒತ್ತಿದ ಜಾಗ ಕೆಲವು ಗಂಟೆಗಳಲ್ಲಿ ತಾನೇ ಸ್ವಲ್ಪ ತಗ್ಗುತ್ತದೆ, ಟೆಫ್ಲಾನ್ ಗ್ಯಾಸ್ಕೆಟಿನದ್ದೂ ಅದೇ ಗುಣ; ಆದ್ದರಿಂದ ಮರುದಿನ ಒತ್ತಡ ಇಳಿಸಿ ಮತ್ತೊಮ್ಮೆ ಅದೇ ಟಾರ್ಕಿಗೆ ಬಿಗಿಯುವುದನ್ನು ಕೆಲಸದ ಚೀಟಿಯಲ್ಲಿಯೇ ಬರೆದಿಡುತ್ತೇನೆ.

ಶನಿವಾರ ಸಂಜೆ ಕೆಸರು ತುಂಬಿದ ಪಂಪನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವುದು ಡಯಾಫ್ರಮ್ ಹರಿಯುವುದಕ್ಕೆ ನಮ್ಮ ಕಡೆ ಇರುವ ದೊಡ್ಡ ಕಾರಣಗಳಲ್ಲೊಂದು. ಸುಣ್ಣ ಬೆರೆತ ಕೆಸರು ಭಾನುವಾರವಿಡೀ ಚೇಂಬರಿನ ತಳದಲ್ಲಿ ಕೂತು ಗಟ್ಟಿಯಾಗುತ್ತದೆ, ಸೋಮವಾರ ಬೆಳಿಗ್ಗೆ 6 ಬಾರ್ ಗಾಳಿ ಬಿಟ್ಟೊಡನೆ ಡಯಾಫ್ರಮ್ ಆ ಗಟ್ಟಿಗೆ ಹೋಗಿ ಬಡಿಯುತ್ತದೆ. ಐದು ನಿಮಿಷ ಶುದ್ಧ ನೀರು ಹರಿಸಿ ನಿಲ್ಲಿಸಿದರೆ ಇದು ಸಂಭವಿಸುವುದೇ ಇಲ್ಲ. ಪ್ರೆಸ್ ಶುರು ಮಾಡುವಾಗಲೂ 1.5 ರಿಂದ 2 ಬಾರ್ ಒತ್ತಡದಲ್ಲಿ ಆರಂಭಿಸಿ, ಬಟ್ಟೆಯ ಮೇಲೆ ಮೊದಲ ಪದರ ಕಟ್ಟಿ ಹೊರಬರುವ ನೀರು ತಿಳಿಯಾದ ಮೇಲೆ, ಒಂದೊಂದೇ ಬಾರ್ ಏರಿಸುತ್ತ ಹೋಗಬೇಕು. ಆರಂಭದಲ್ಲಿಯೇ ಪೂರ್ತಿ ಒತ್ತಡ ಕೊಟ್ಟರೆ ಸಣ್ಣ ಕಣಗಳು ಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ಕೇಕ್ ಒಳಗೆ ಹಸಿಯಾಗಿ ಉಳಿಯುತ್ತದೆ, ಅಷ್ಟು ನೀರಿನ ತೂಕಕ್ಕೂ ಹಣ ಕೊಟ್ಟು ಅದನ್ನು ವಿಲೇವಾರಿಗೆ ಕಳುಹಿಸಬೇಕಾಗುತ್ತದೆ.

ಬಿಡಿಭಾಗಗಳ ವಿಷಯದಲ್ಲಿ, ಡಯಾಫ್ರಮ್, ಬಾಲ್, ಸೀಟು, ಓ-ರಿಂಗುಗಳ ಒಂದು ಸೆಟ್ಟನ್ನೂ ಏರ್ ವಾಲ್ವಿನ ಸೀಲುಗಳ ಒಂದು ಸೆಟ್ಟನ್ನೂ ಸದಾ ಸ್ಟೋರಿನಲ್ಲಿ ಇಟ್ಟಿರಬೇಕು. ಅವುಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿಯಾಗಲಿ, ಕಿಡಿಯಿಂದ ಓಜೋನ್ ಹುಟ್ಟುವ ಮೋಟರ್ ಮತ್ತು ವೆಲ್ಡಿಂಗ್ ಯಂತ್ರಗಳ ಪಕ್ಕದಲ್ಲಾಗಲಿ ಇಡದೆ, ಮಡಿಸದೆ, ಮೊಳೆಗೆ ನೇತುಹಾಕದೆ, ತಂಪಾದ ಕತ್ತಲಿನ ಕಪಾಟಿನಲ್ಲಿ ಸಪಾಟಾಗಿ ಮಲಗಿಸಿ, ಕೊಂಡ ತಿಂಗಳನ್ನು ಮೇಲೆ ಬರೆದು, ಹಳೆಯದನ್ನು ಮೊದಲು ಬಳಸಬೇಕು.